ಸಂಚಾರದ ಮನೆಯ ಸರಂಜಾಮು

ಪೀಠೋಪಕರಣವೆಂಬ ಶಬ್ದವು ಕನ್ನಡದಲ್ಲಿ ಹಳೆಯದಲ್ಲ. ಕುರ್ಚಿ, ಮೇಜು, ಮಂಚ, ಬೀರು ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯಬೇಕಾದ ಆವಶ್ಯಕತೆಯು ಪಾಶ್ಚಾತ್ಯ ಗೃಹಪದ್ಧತಿಯ ಪರಿಚಯವಾದ ಮೇಲೆ ಒದಗಿತು. ಆಗ ಸಂಸ್ಕೃತದ ಎರಡು ಪದಗಳನ್ನು ಕೂಡಿಸಿ ಈ ಸಮಾಸವನ್ನು ರಚಿಸಿಕೊಂಡದ್ದಾಯಿತು. ಅದಕ್ಕೆ ಮೊದಲು ಜನರ ಬಾಯಲ್ಲಿದ್ದ ಮಾತುಗಳು ಹಾಸು, ಹೊದಿಕೆ, ಸಾಮಾನು, ಸರಂಜಾಮು ಎಂಬುವು. ಈ ಎರಡು ಬಗೆಯ ಮಾತುಗಳಿಗೂ ಮುಖ್ಯವಾದ ಅಂತರವೊಂದುಂಟು. ಪೀಠೋಪಕರಣವೆಂದೊಡನೆ ಕಾಲುಗಳುಳ್ಳ, ಒಂದೇ ಆಕಾರವುಳ್ಳ, ಇಟ್ಟ ಎಡೆಯಲ್ಲಿಯೇ ಇರುವ ವಸ್ತುವು ಮನಸ್ಸಿಗೆ ಬರುವುದು. ಸರಂಜಾಮೆಂದರೆ ಹಾಗಲ್ಲ, ಒಂದು ಕಾರ್ಯಕ್ಕಾಗಿ ಹೊರಟವನು ಜತೆಗೆ ಕೊಂಡೊಯ್ಯುವ ವಸ್ತುಸಮೂಹವೇ ಅದು. ಆಂಗ್ಲ ಅಧಿಕಾರಿಗಳ ವರದಿಗಳಲ್ಲಿಯೂ ಗೆಜೆಟಿಯರುಗಳಲ್ಲಿಯೂ ಈ ದೇಶದ ಹಳ್ಳಿಯ ಮನೆಗಳಲ್ಲಿ ಪೀಠೋಪಕರಣಗಳು ಇಲ್ಲವೆನ್ನುವಷ್ಟು ಕಡಮೆಯೆಂಬ ಅಭಿಪ್ರಾಯವು ಮೇಲಿಂದ ಮೇಲೆ ಕಾಣಬರುತ್ತದೆ. ಅದನ್ನು ಓದಿದ ನಮ್ಮ ವಿದ್ವಾಂಸರಲ್ಲಿಯೂ ಅನೇಕರು ಅದನ್ನು ಹಾಗೆಯೇ ಒಪ್ಪಿಕೊಂಡಿರುವರು. ಮೊದಲನೆಯ ಮಾತಿನ ಅಳತೆಗೋಲಿನಿಂದ ಎರಡನೆಯ ಮಾತಿನ ವಸ್ತುಗಳನ್ನು ಅಳೆದರೆ ಹೀಗಾಗದೆ ಬೇರೇನಾದೀತು?

ಈ ಎಣಿಕೆಯ ದೋಷವು ನಿಂತ ಮನೆಗಳನ್ನು ನೋಡುವಾಗ ಅಷ್ಟಾಗಿ ತೋರದು. ನಡೆಯುವ ಮನೆಯನ್ನು, ಎಂದರೆ ಗಾಡಿ, ಗುಡಾರ, ರೈಲಿನ ಡಬ್ಬಿ, ಈಚಿನ ಕ್ಯಾರವಾನು ಇವುಗಳನ್ನು ಪರೀಕ್ಷಿಸಿದರೆ ಮಾತ್ರ ಅದು ಸ್ಪಷ್ಟವಾಗುವುದು. ಎಡೆ ಕಿರಿದಾದಲ್ಲಿ ಒಂದೇ ವಸ್ತುವು ಹಗಲು ಒಂದಾಗಿ ಇರುಳು ಇನ್ನೊಂದಾಗಬೇಕು. ಇದನ್ನು ಸಾಧಿಸುವುದಕ್ಕೆ ಎರಡು ಮಾರ್ಗಗಳುಂಟು. ವಸ್ತುವಿನ ಆಕಾರವನ್ನೇ ಕೀಲುಗಳ ಸಹಾಯದಿಂದ ಬದಲಾಯಿಸುವುದು ಒಂದು. ಇದನ್ನು ಮಡಿಕೆಯ ಕ್ರಮವೆನ್ನಬಹುದು. ಆಕಾರವನ್ನು ಇದ್ದಂತೆಯೇ ಬಿಟ್ಟು, ಇರಿಸುವ ಎಡೆಯನ್ನೂ ಉಪಯೋಗವನ್ನೂ ಮಾತ್ರ ಬದಲಾಯಿಸುವುದು ಮತ್ತೊಂದು. ಇದನ್ನು ಪಲ್ಲಟದ ಕ್ರಮವೆಂದು ಕರೆಯಬಹುದು. ಕನ್ನಡನಾಡಿನ ಬಯಲುಸೀಮೆಯು, ಅದರಲ್ಲಿಯೂ ಜಗಳೂರಿನ ಸುತ್ತಣ ಪ್ರದೇಶವು, ಬಹುಕಾಲದಿಂದ ಎರಡನೆಯ ಕ್ರಮವನ್ನು ಆಶ್ರಯಿಸಿದ್ದಿತು. ಆ ಕಾರಣದಿಂದಲೇ ಅಲ್ಲಿಯ ಸರಂಜಾಮು ಪರದೇಶದವರ ಎಣಿಕೆಗೆ ಸಿಕ್ಕಲಿಲ್ಲ.

ಜಗಳೂರು ತಾಲ್ಲೂಕು ಮೈಸೂರು ಸಂಸ್ಥಾನದ ಕಾಲದಿಂದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಆ ಜಿಲ್ಲೆಗೆ ಸೇರಿತು. ಮಳೆ ಕಡಮೆ, ಬರಗಾಲವು ಹೊಸದಲ್ಲ. ಪೇಟೆಗೆ ರೈಲು ಇದುವರೆಗೆ ಬಂದಿಲ್ಲ. ಉತ್ತರಕ್ಕೆ ಕೊಟ್ಟೂರು, ಪೂರ್ವಕ್ಕೆ ನಾಯಕನಹಟ್ಟಿ, ತಾಲ್ಲೂಕಿನೊಳಗೇ ಕೊಡದಗುಡ್ಡ. ಈ ಜಾತ್ರೆಗಳಿಗೆ ಬಿಳಿಚೋಡು, ಸೊಕ್ಕೆ ಮೊದಲಾದ ಹೋಬಳಿಗಳ ಜನರು ಮನೆಮಂದಿಯೊಡನೆ ಗಾಡಿ ಕಟ್ಟಿಕೊಂಡು ಹೋಗುವುದು ವಾಡಿಕೆ. ಇದಲ್ಲದೆ ಕುರಿಯ ಹಿಂಡುಗಳೊಡನೆ ಊರೂರು ಸುತ್ತುವ ಕುರುಬರು, ದನಕರುಗಳನ್ನೇ ನಂಬಿದ ಮ್ಯಾಸಬೇಡರು, ಹೇರೆತ್ತುಗಳನ್ನು ಹೊಡೆದುಕೊಂಡು ದೇಶದಿಂದ ದೇಶಕ್ಕೆ ನಡೆದ ಲಂಬಾಣಿಗರು ಈ ಸೀಮೆಯ ನಿವಾಸಿಗಳು. ಮ್ಯಾಸಬೇಡರಲ್ಲಿ ದೇವರೇ ಪೆಟ್ಟಿಗೆಯೊಳಗಿದ್ದು ಪೆಟ್ಟಿಗೆಯೊಡನೆ ಪ್ರಯಾಣ ಮಾಡುವುದುಂಟು. ಪೆಟ್ಟಿಗೆ ದೇವರೆಂಬ ಹೆಸರೇ ಇದೆ. ಹೊರುವಾಗ ಪೆಟ್ಟಿಗೆ, ಇಳಿಸಿ ಪೂಜಿಸುವಾಗ ಗುಡಿ. ದೇವರಿಗೆ ಸಲ್ಲುವ ಕ್ರಮವು ಮನುಷ್ಯರಿಗೂ ಸಂದಿತೆಂದರೆ ಆಶ್ಚರ್ಯವಿಲ್ಲ.

ಪ್ರಾಚೀನ ಕಾಲದಲ್ಲಿ ಸಂಚಾರದ ಮನೆಯೆಂದರೆ ಮೊದಲು ನೆನಪಾಗುವುದು ಅರಸರ ಬೀಡು. ಹನ್ನೆರಡನೆಯ ಶತಮಾನದಲ್ಲಿ ಈ ಪ್ರದೇಶವು ನೊಳಂಬವಾಡಿಗೆ ಒಳಪಟ್ಟು, ಕಲ್ಯಾಣದ ಚಾಲುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರ ಆಳ್ವಿಕೆಯಲ್ಲಿದ್ದಿತು. ಆ ಕಾಲದ ಶಾಸನಗಳಲ್ಲಿ ಬೀಡು, ನೆಲೆವೀಡು ಎಂಬ ಪದಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಬಿಡು ಎಂಬ ಧಾತುವಿನಿಂದ ಬೀಡು; ದಾರಿ ನಡೆದು ಹೇರನ್ನು ಬಿಟ್ಟ ಎಡೆಯೇ ಬೀಡು. ಅಂಥ ಬೀಡು ಸ್ಥಿರವಾದರೆ ನೆಲೆವೀಡು. ಇದೇ ಮಾತು ಮುಂದೆ ಊರಿನ ಹೆಸರುಗಳಲ್ಲಿಯೂ ನಿಂತಿತು. ಚಲನೆಯೇ ಮೂಲ, ನೆಲೆಯು ಅದರ ವಿಶೇಷಣವೆಂಬ ಭಾವವು ಈ ಶಬ್ದದಲ್ಲಿ ಅಡಗಿರುವುದು ವಿಚಾರಾರ್ಹವಾಗಿದೆ.

ಅದೇ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸವು ಅರಸನ ಉಪಭೋಗಗಳನ್ನು ಇಪ್ಪತ್ತಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಆಸನ, ಯಾನ, ಶಯ್ಯೆ ಎಂಬುವು ಮೂರು ಬೇರೆಬೇರೆ ಪ್ರಕರಣಗಳು. ಕುಳಿತುಕೊಳ್ಳುವುದು ಒಂದು ಭೋಗ, ಸಾಗುವುದು ಇನ್ನೊಂದು, ಮಲಗುವುದು ಮತ್ತೊಂದು. ಒಂದೊಂದಕ್ಕೂ ಅದರದರ ಸಾಧನ. ರಾಜನ ಸೇವೆಗೆ ಆಳುಗಳೂ ಆನೆಗಳೂ ಸಾಕಷ್ಟಿದ್ದುದರಿಂದ ಈ ವಿಭಾಗವು ಸರಿಯೇ. ಆದರೆ ರೈತನ ಗಾಡಿಯಲ್ಲಿ ಈ ಮೂರೂ ಒಂದೇ ಹಲಗೆಯ ಮೇಲೆ ನಡೆಯಬೇಕು. ಮಾನಸೋಲ್ಲಾಸದಲ್ಲಿ ಅಂಥದಕ್ಕೆ ಪ್ರಕರಣವಿಲ್ಲ. ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ಇನ್ನು ಗಾಡಿಯ ವಿಷಯ. ಜೋಡಿ ಎತ್ತಿನ ಸವಾರಿಗಾಡಿಯು ಬಯಲುಸೀಮೆಯಲ್ಲಿ ಅನಾದಿಯೆಂದು ಭಾವಿಸುವುದು ತಪ್ಪು. ಗಾಡಿಯ ದಾರಿಗಳಿಲ್ಲದ ಕಾಲದಲ್ಲಿ ದೂರದ ಸಾಗಣೆಯು ಹೇರೆತ್ತಿನ ಮೇಲೆಯೇ ನಡೆಯುತ್ತಿದ್ದಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರರಾಗಿದ್ದ ಮಾರ್ಕ್ ಕಬ್ಬನರ ಆಡಳಿತದಲ್ಲಿ ಸುಮಾರು 1,600 ಮೈಲಿಗಳಷ್ಟು ರಸ್ತೆಗಳಾದುವು. ಗಾಡಿಯು ಊರ ಹೊಲದ ಬಂಡಿಯಾಗಿದ್ದುದು ಹೋಗಿ ಊರಿಂದೂರಿಗೆ ಹೋಗುವ ಮನೆಯಾದುದು ಇಂಥ ರಸ್ತೆಗಳ ಫಲ. ಬಡಗಿಯು ಜಾಲಿಯ ಮರದಿಂದ ಗುಂಬವನ್ನೂ ವಟ್ಟವನ್ನೂ ಮಾಡಿ, ಕಮ್ಮಾರನು ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಿ, ಅಚ್ಚಿನ ತುದಿಗೆ ಕಡಾಣಿಯನ್ನಿಟ್ಟು, ಮೇಲೆ ಬಿದಿರಿನ ಕಮಾನು ಬಾಗಿಸಿ ಚಾಪೆ ಹೊದಿಸಿದರೆ ಸವಾರಿಗಾಡಿಯು ಸಿದ್ಧವಾಯಿತು. ಇಷ್ಟೆಲ್ಲ ಮರಗೆಲಸದಲ್ಲಿ ಕುಳಿತುಕೊಳ್ಳುವುದಕ್ಕೆಂದು ಮಾಡಿದ ಒಂದು ಹಲಗೆಯೂ ಇಲ್ಲ, ಮಲಗುವುದಕ್ಕೆಂದು ಮಾಡಿದ ಒಂದು ಪಟ್ಟಿಯೂ ಇಲ್ಲ. ಇದನ್ನು ಕಂಡು ಗಾಡಿಯೊಳಗೆ ಪೀಠೋಪಕರಣವಿಲ್ಲವೆಂದು ಬರೆದುಕೊಂಡವನನ್ನು ತಪ್ಪುಗಾರನೆನ್ನುವಂತಿಲ್ಲ. ಆದರೆ ಆತನು ಗಾಡಿ ಕಟ್ಟುವ ಹೊತ್ತಿಗೆ ನಿಂತು ನೋಡಲಿಲ್ಲ.

ಕಟ್ಟುವ ಕ್ರಮವು ಹೀಗೆ: ತಳಹಲಗೆಯ ಮೇಲೆ ಮೊದಲು ಒಣಹುಲ್ಲನ್ನು ಮೊಣಕಾಲಿನುದ್ದ ಹರವುವರು. ಅದರ ಮೇಲೆ ಗೋಣಿತಟ್ಟು ಅಥವಾ ಚಾಪೆ, ಅದರ ಮೇಲೆ ಜಮಖಾನ, ಎಲ್ಲಕ್ಕೂ ಮೇಲೆ ಕೌದಿ. ಅಡಿಗೆಯ ಪಾತ್ರೆಗಳ ಪೆಟ್ಟಿಗೆಯನ್ನೋ ಬುತ್ತಿಯ ಗಂಟನ್ನೋ ಹಿಂದುಗಡೆ ಇಟ್ಟರೆ ಹಿರಿಯರು ಒರಗುವುದಕ್ಕಾಯಿತು. ರಾತ್ರಿ ಅದೇ ತಲೆದೆಸೆ. ಒಣಹುಲ್ಲು ಗಾಡಿಯ ಕುಲುಕನ್ನು ತಾನು ನುಂಗಿಕೊಂಡು ಕುಳಿತವರ ಬೆನ್ನನ್ನು ಕಾಪಾಡುವುದು. ತಂಗುವ ಎಡೆಯಲ್ಲಿ ಅದನ್ನೇ ಹಿರಿದು ಎತ್ತುಗಳಿಗೆ ಹಾಕುವರು. ಹಾಸಿಗೆಯೇ ಮೇವು, ಮೇವೇ ಹಾಸಿಗೆ. ಹೋಗುವಾಗ ಮೆತ್ತಗಿದ್ದ ಗಾಡಿಯು ಬರುವಾಗ ಗಟ್ಟಿಯಾಗಿರುವುದಕ್ಕೆ ಇದೇ ಕಾರಣ. ಜಾತ್ರೆಯಿಂದ ಮರಳುವವರ ಮೈನೋವನ್ನೆಲ್ಲ ದೇವರ ತಲೆಗೆ ಕಟ್ಟುವುದು ಸಲ್ಲದು.

ಇದಕ್ಕಿಂತಲೂ ಸ್ವಾರಸ್ಯವಾದದ್ದು ನೊಗದ ಉಪಯೋಗ. ಎತ್ತುಗಳನ್ನು ಬಿಟ್ಟ ಮೇಲೆ ನೊಗವನ್ನು ನೆಲಕ್ಕೆ ಇಳಿಸಿದರೆ ಗಾಡಿಯ ತಳವು ಮುಂದಕ್ಕೆ ಇಳಿಜಾರಾಗುವುದು. ಆಗ ಹಿಂದಿನ ಎತ್ತರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತರೆ ಅದು ಒರಗುಕುರ್ಚಿ. ಮೂಕಿಯ ಕೆಳಗೆ ಊರುಗೋಲನ್ನು ಕೊಟ್ಟು ನಿಲ್ಲಿಸಿದರೆ ತಳವು ಸಮವಾಗಿ ಅದೇ ಮಂಚವಾಗುವುದು. ಕಮಾನಿನ ಕೆಳಗೆ ಹೆಂಗಸರು ಮಕ್ಕಳು, ಅಚ್ಚಿನ ಕೆಳಗಿನ ನೆರಳಿನಲ್ಲಿ ಗಂಡಸರು. ಹೀಗೆ ಒಂದೇ ಗಾಡಿಯು ಎರಡು ಅಂತಸ್ತಿನ ಮನೆಯಾಗುವುದು. ಎಳೆಯ ಮಗುವಿದ್ದರೆ ತಾಯಿಯ ಹಳೆಯ ಸೀರೆಯನ್ನು ಗಾಡಿಯ ಅಡಿಯಲ್ಲಿಯೋ ಹತ್ತಿರದ ಮರದ ಕೊಂಬೆಗೋ ಜೋಳಿಗೆಯಾಗಿ ಕಟ್ಟುವರು, ತೊಟ್ಟಿಲು ಆಯಿತು. ಬೆಳಗ್ಗೆ ಬಿಚ್ಚಿದರೆ ಮತ್ತೆ ಸೀರೆ. ಕೀಲಿಲ್ಲ, ಮೊಳೆಯಿಲ್ಲ, ಒಂದು ಕೋಲೂ ಒಂದು ಗಂಟೂ ಸಾಕಾದುವು.

ಹೇರುವುದರಲ್ಲಿಯೂ ಒಂದು ಶಾಸ್ತ್ರವುಂಟು. ಎರಡು ಚಕ್ರದ ಗಾಡಿಯು ತಕ್ಕಡಿಯಂತೆ. ಅಚ್ಚೇ ಅದರ ನಾಲಗೆ. ಭಾರವು ಮುಂದಕ್ಕೆ ಹೆಚ್ಚಾದರೆ ಮುಂಭಾರ. ನೊಗವು ಎತ್ತಿನ ಹೆಗಲನ್ನು ಅದುಮುವುದು. ಹಿಂದಕ್ಕೆ ಹೆಚ್ಚಾದರೆ ಹಿಂಭಾರ. ನೊಗವು ಮೇಲೆದ್ದು ಕೊರಳಿನ ಹುರಿಯು ಬಿಗಿಯುವುದು. ಆದುದರಿಂದ ಪೆಟ್ಟಿಗೆಯನ್ನು ಎಲ್ಲಿಡಬೇಕು, ಅಜ್ಜಿಯನ್ನು ಎಲ್ಲಿ ಕೂರಿಸಬೇಕು ಎಂಬುದು ಸೌಕರ್ಯದ ಮಾತು ಮಾತ್ರವಲ್ಲದೆ ತೂಕದ ಮಾತೂ ಆಗಿದ್ದಿತು. ಸರಂಜಾಮು ಸಡಿಲವಾಗಿದ್ದು ಬೇಕಾದಂತೆ ಸರಿಯುವಂತಿದ್ದುದಕ್ಕೆ ಈ ಕಾರಣವೂ ಸೇರಿದೆ. ಮೊಳೆ ಹೊಡೆದು ನಿಲ್ಲಿಸಿದ ಮಂಚವನ್ನು ದಾರಿಯ ಏರಿನಲ್ಲಿ ಮುಂದಕ್ಕೂ ಇಳಿತದಲ್ಲಿ ಹಿಂದಕ್ಕೂ ಸರಿಸುವುದು ಸಾಧ್ಯವೆ?

ಪಲ್ಲಟದ ಕ್ರಮಕ್ಕೆ ಗಾಡಿಗಿಂತಲೂ ಹಳೆಯ ಸಾಕ್ಷಿ ಕಂಬಳಿ. ಫ್ರಾನ್ಸಿಸ್ ಬುಕಾನನನು 1801ರಲ್ಲಿ ಈ ಸೀಮೆಯನ್ನು ಹಾದು ಹೋಗುವಾಗ ದಾವಣಗೆರೆಯ ಕಂಬಳಿಯ ವ್ಯಾಪಾರವನ್ನು ವಿಶೇಷವಾಗಿ ಗಮನಿಸಿದನು. ಅವನ ಪ್ರವಾಸಗ್ರಂಥವು 1807ರಲ್ಲಿ ಲಂಡನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಉಣ್ಣೆಯನ್ನು ನೂತು ನೇಯ್ದು ಹುಣಿಸೆಬೀಜದ ಗಂಜಿಯನ್ನು ಹಾಕಿ ಬಿಗಿಮಾಡುವ ಕುರುಬರ ಪದ್ಧತಿಯಿಂದ ಕಂಬಳಿಗೆ ಒಂದು ಬಗೆಯ ಪೆಡಸುತನ ಬರುವುದು. ಈ ಪೆಡಸುತನವನ್ನು ಪಟ್ಟಣದವರು ದೋಷವೆಂದೆಣಿಸುವರು. ಅದೇ ಅದರ ಗುಣ. ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಯ ಮೇಲಿಟ್ಟರೆ ಕೊಪ್ಪೆಯಾಗಿ ಮಳೆಯ ನೀರನ್ನು ಜಾರಿಸುವುದು. ಎರಡು ಕೋಲುಗಳ ಮೇಲೆ ಹರಡಿದರೆ ಮರೆಯಾಗಿ ಗಾಳಿಯನ್ನು ತಡೆಯುವುದು. ನಾಲ್ಕು ಮಡಿಕೆ ಮಾಡಿ ಹಾಕಿದರೆ ಪೀಠ, ಬಿಚ್ಚಿ ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ, ಕಾಳನ್ನು ಒಣಗಹಾಕಿದರೆ ಕಣ, ಗಂಟುಕಟ್ಟಿದರೆ ಚೀಲ. ಹೊಲದವರ ಕೋರಿಕೆಯ ಮೇಲೆ ಗೊಬ್ಬರಕ್ಕಾಗಿ ಕುರಿಯ ಮಂದೆಯನ್ನು ನಿಲ್ಲಿಸುತ್ತ ತಿಂಗಳುಗಟ್ಟಲೆ ಊರು ಬಿಟ್ಟಿರುವ ಕುರುಬನಿಗೆ ಇದೊಂದೇ ಸರಂಜಾಮು ಮುಕ್ಕಾಲು ಮನೆಯಾಗಿದ್ದಿತೆನ್ನಬಹುದು.

ಇಲ್ಲಿ ಆಕ್ಷೇಪವೊಂದು ಬರಬಹುದು. ಬೇರೇನೂ ಇಲ್ಲದವನು ಇದ್ದುದನ್ನೇ ಹತ್ತಕ್ಕೆ ಬಳಸುವನು. ಇದು ಬಡತನವೇ ಹೊರತು ಪದ್ಧತಿಯಲ್ಲವೆಂದು ಹೇಳಬಹುದು. ಆಕ್ಷೇಪವು ಬಲವಾದುದೇ. ಆದರೆ ಕಂಬಳಿಯ ಗದ್ದುಗೆಯನ್ನು ನೋಡಿದರೆ ಅದರ ಬಲ ಕುಗ್ಗುತ್ತದೆ. ಕುರುಬರು, ಕಾಡುಗೊಲ್ಲರು, ಮ್ಯಾಸಬೇಡರು ತಮ್ಮ ಪೂಜೆಗಳಲ್ಲಿಯೂ ಕುಲದ ಕಟ್ಟಳೆಗಳಲ್ಲಿಯೂ ಕರಿಯ ಕಂಬಳಿಯನ್ನು ಕ್ರಮವಾಗಿ ಮಡಿಸಿ ಹಾಸಿ ಗದ್ದುಗೆ ಮಾಡುವರು. ಮನೆಯಲ್ಲಿ ಕುರ್ಚಿಗಳಿರುವವರೂ ಅಂದು ಕಂಬಳಿಯನ್ನೇ ಹಾಸುವರು. ನಿರ್ವಾಹವಿಲ್ಲದೆ ಬಳಸಿದ ವಸ್ತುವನ್ನು ನಿರ್ವಾಹವುಳ್ಳವರು ಪೂಜ್ಯಸ್ಥಾನದಲ್ಲಿರಿಸುವುದಿಲ್ಲ. ಅಲ್ಲಿ ಆಸನವೆಂಬುದು ವಸ್ತುವಲ್ಲ, ಹಾಸುವ ಕ್ರಿಯೆಯೇ ಆಸನ.

ಲಂಬಾಣಿಗರ ಕ್ರಮವು ಇದಕ್ಕಿಂತಲೂ ದೊಡ್ಡ ಪ್ರಮಾಣದ್ದು. ಧಾನ್ಯವನ್ನೂ ಉಪ್ಪನ್ನೂ ಕಂಟಲೆಗಳಲ್ಲಿ ತುಂಬಿ ಸಾವಿರಾರು ಎತ್ತುಗಳ ಮೇಲೆ ಹೇರಿಕೊಂಡು ಅವರು ಸಾಗುತ್ತಿದ್ದರು. 1632ರಲ್ಲಿ ಉತ್ತರ ಹಿಂದೂಸ್ತಾನದಲ್ಲಿ ಪೀಟರ್ ಮಂಡಿಯೆಂಬ ಆಂಗ್ಲ ವರ್ತಕನು ಕಂಡ ಒಂದೇ ತಾಂಡದಲ್ಲಿ ಹದಿನಾಲ್ಕು ಸಾವಿರ ಎತ್ತುಗಳಿದ್ದುವೆಂದು ಅವನು ಲೆಕ್ಕ ಕೊಟ್ಟಿದ್ದಾನೆ. ಟೀಪುವಿನ ಮೇಲಣ ಯುದ್ಧಗಳಲ್ಲಿ ಕಾರ್ನವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಇವರೇ ಪ್ರಮುಖರು. ಇವರ ಬೀಡಿನ ರಚನೆಯು ಗಮನಿಸತಕ್ಕದ್ದು. ಸಂಜೆ ಹೇರುಗಳನ್ನಿಳಿಸಿ ಒಂದರ ಮೇಲೊಂದನ್ನು ಒಟ್ಟಿ ಗೋಡೆಮಾಡಿ ಮೇಲೆ ಬಟ್ಟೆಯನ್ನೋ ಕಂಬಳಿಯನ್ನೋ ಎಳೆದು ಕಟ್ಟುತ್ತಿದ್ದರು. ಮಾರಲೊಯ್ಯುವ ಸರಕೇ ರಾತ್ರಿಯ ಗೋಡೆ, ಒರಗು, ಜಗಲಿ. ಬೆಳಗಾದರೆ ಗೋಡೆಯು ಎತ್ತಿನ ಬೆನ್ನೇರುವುದು. ಪೇಟೆಯಲ್ಲಿ ಸರಕು ಮಾರಾಟವಾದರೆ ಮನೆಯೂ ಮಾರಾಟವಾದಂತೆಯೇ. ಹೊಸ ಸರಕು ಬಂದರೆ ಹೊಸ ಮನೆ. ಪೀಠೋಪಕರಣಗಳ ಇತಿಹಾಸವನ್ನು ಬರೆಯುವವರು ಸರಕಿನ ಲೆಕ್ಕದಲ್ಲಿ ಅದನ್ನು ಹುಡುಕುವುದಿಲ್ಲ. ಹುಡುಕದಿದ್ದುದು ಇಲ್ಲವೆಂದಾಗುವುದಿಲ್ಲ.

ಮಡಿಕೆಯ ಕ್ರಮವು ಕನ್ನಡಿಗರಿಗೆ ಸಂಪೂರ್ಣವಾಗಿ ಅಪರಿಚಿತವಾಗಿದ್ದಿತೆಂದು ಹೇಳಲಾಗದು. ಅದಕ್ಕೆ ಪ್ರತಿಯಾಗಿ ವಿದ್ವಾಂಸರೆಲ್ಲರ ಮನೆಯಲ್ಲಿಯೂ ಒಂದು ಸಾಕ್ಷಿಯಿದೆ, ಅದೇ ವ್ಯಾಸಪೀಠ. ಒಂದೇ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ನಡುವೆ ಮಾತ್ರ ಬೆರಳುಗಳಂತೆ ಒಂದರೊಳಗೊಂದು ಹೆಣೆದುಕೊಂಡಿರುವ ಹಲ್ಲುಗಳನ್ನು ಕೊರೆದು ಬಿಡಿಸಿದರೆ ಅದು ಗುಣಾಕಾರದ ಚಿಹ್ನೆಯಂತೆ ತೆರೆದುಕೊಂಡು ಗ್ರಂಥವನ್ನು ಹೊರುವುದು. ಮುಚ್ಚಿದರೆ ಚಪ್ಪಟೆಯ ಹಲಗೆ. ಕಬ್ಬಿಣ ಬೇಡ, ಅಂಟು ಬೇಡ, ಎರಡನೆಯ ಮರದ ತುಂಡೂ ಬೇಡ. ಮುಸಲ್ಮಾನರು ಇದನ್ನೇ ರೆಹಲ್ ಎನ್ನುವರು. ಹೆಣೆಗೆಯ ಈ ಕೀಲು ತಿಳಿದಿದ್ದ ಬಡಗಿಯು ಮಡಿಸುವ ಮಂಚವನ್ನು ಮಾಡಲಾರನೆ? ಮಾಡಬಲ್ಲನು, ಕೇಳುವವರಿರಲಿಲ್ಲವಷ್ಟೆ.

ಲೋಹದ ಕೀಲಿನ ಹೆಸರೇ ಅದರ ಮೂಲವನ್ನು ಹೇಳುತ್ತದೆ. ಬಾಗಿಲಿಗೂ ಪೆಟ್ಟಿಗೆಗೂ ಹಾಕುವ ಬಿಜಾಗರಿಯು ಪೋರ್ಚುಗೀಸರ ಬಿಸಾಗ್ರ ಎಂಬ ಶಬ್ದದಿಂದ ಬಂದುದು. ಚಾವಿ, ಅಲಮಾರುಗಳೂ ಆ ಕಡೆಯವೇ. ಕುರ್ಚಿ ಅರಬ್ಬಿಯ ಮೂಲದ್ದು, ಮೇಜು ಪಾರಸಿಯದು, ಬೀರು ಯೂರೋಪಿನದು. ಇದಕ್ಕೆ ಎದುರಾಗಿ ಹಾಸು, ಹೊದಿಕೆ, ಮಣೆ, ತೊಟ್ಟಿಲು, ಹೇರು ಇವು ದೇಶ್ಯ. ಮಂಚ, ಕಂಬಳಿಗಳಿಗೆ ಸಂಸ್ಕೃತದ ನಂಟಿರುವುದರಿಂದ ಈ ವಿಭಾಗವನ್ನು ಕತ್ತರಿಸಿದಂತೆ ಹೇಳಲಾಗದಾದರೂ, ಗಟ್ಟಿಯಾಗಿ ನಿಲ್ಲುವ ಮತ್ತು ಕೀಲಿನಿಂದ ಮಡಿಯುವ ವಸ್ತುಗಳ ಹೆಸರುಗಳು ಹೊರಗಿನಿಂದ ಬಂದುವೆಂಬುದೂ, ಹಾಸುವ ಕಟ್ಟುವ ವಸ್ತುಗಳ ಹೆಸರುಗಳು ಒಳಗೇ ಇದ್ದುವೆಂಬುದೂ ಸ್ಥೂಲವಾಗಿ ನಿಜ. ಭಾಷೆಯ ಈ ಸಾಕ್ಷಿಯನ್ನು ಗೆಜೆಟಿಯರಿನ ಸಾಕ್ಷಿಗಿಂತ ಹೆಚ್ಚು ನಂಬಬಹುದು.

ಮಡಿಕೆಯ ಕ್ರಮವು ಈ ನಾಡಿನೊಳಕ್ಕೆ ಬಲವಾಗಿ ಬಂದುದು ದಂಡಿನೊಡನೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, 1809ರಲ್ಲಿ ಬೆಂಗಳೂರಿನ ದಂಡು ಸ್ಥಾಪಿತವಾಯಿತು. ಆಂಗ್ಲ ಸೇನಾಧಿಕಾರಿಯು ಡೇರೆಯಲ್ಲಿಯೂ ಮನೆಯಲ್ಲಿದ್ದಂತೆಯೇ ಇರಬೇಕೆನ್ನುವವನು. ಅವನ ಮಂಚವು ತುಂಡುತುಂಡಾಗಿ ಬಿಚ್ಚುವುದು, ಬರೆಯುವ ಮೇಜು ಪೆಟ್ಟಿಗೆಯಾಗುವುದು, ಅಲಮಾರು ಎರಡು ಪಾಲಾಗಿ ಎತ್ತಿನ ಎರಡು ಮಗ್ಗುಲಿಗೆ ತೂಗುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಸಿದ್ಧಿಗೆ ಬಂದ ರೂರ್ಕಿ ಕುರ್ಚಿಯು ಈ ಜಾತಿಯದರಲ್ಲಿ ಶ್ರೇಷ್ಠವಾದುದು. ಮೊಳೆ ತಿರುಪುಗಳಿಲ್ಲದೆ, ಶಂಕುವಿನಾಕಾರದ ತುದಿಗಳುಳ್ಳ ಕೋಲುಗಳನ್ನು ಕಾಲುಗಳ ತೂತುಗಳಲ್ಲಿ ಸಿಕ್ಕಿಸಿ ಪಟ್ಟಿಯಿಂದ ಬಿಗಿದರೆ ಕುರ್ಚಿ, ಬಿಚ್ಚಿದರೆ ಒಂದು ಕಂತೆ ಕೋಲು. ಕುಳಿತವನ ಭಾರದಿಂದಲೇ ಅದರ ಸಂದುಗಳು ಬಿಗಿಯಾಗುವುವು. ಆದರೂ ಇದರ ತತ್ತ್ವವನ್ನು ನೋಡಬೇಕು. ಅದು ಬಿಚ್ಚಿದಾಗ ಯಾವ ಉಪಯೋಗಕ್ಕೂ ಬಾರದು, ಕೇವಲ ಹೊರೆ. ಕಂಬಳಿಗೆ ಅಂಥ ನಿರುಪಯುಕ್ತ ಅವಸ್ಥೆಯೇ ಇಲ್ಲ. ಎರಡು ಕ್ರಮಗಳ ನಿಜವಾದ ಭೇದವಿರುವುದು ಇಲ್ಲಿಯೇ.

ರೈಲಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಮೆರಿಕದಲ್ಲಿ ಪುಲ್ಮನ್ ಎಂಬವನು 1860ರ ದಶಕದಲ್ಲಿ ಹಗಲಿನ ಆಸನವು ಇರುಳಿನ ಶಯ್ಯೆಯಾಗುವ ಡಬ್ಬಿಗಳನ್ನು ಪ್ರಚಾರಕ್ಕೆ ತಂದನು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ, 1899ರ ಮಹಾರಾಣಿಯವರ ಸಲೂನು ಗಾಡಿಯನ್ನು ಅದರ ಅಡಿಗೆಮನೆ ಊಟದಮನೆಗಳೊಡನೆ ಕಾಣಬಹುದು. ಅದು ಚಲಿಸುವ ಅರಮನೆ. ಮಾನಸೋಲ್ಲಾಸದ ವಿಭಾಗವೇ ಹಳಿಯ ಮೇಲೇರಿದಂತೆ ಒಂದೊಂದು ಭೋಗಕ್ಕೂ ಒಂದೊಂದು ಕೋಣೆ. ಸಾಮಾನ್ಯರ ಡಬ್ಬಿಯಲ್ಲಾದರೋ ಒರಗುವ ಹಲಗೆಯನ್ನು ಮೇಲಕ್ಕೆತ್ತಿ ಸರಪಣಿಗೆ ಸಿಕ್ಕಿಸಿದರೆ ಅದೇ ನಡುವಣ ಮಂಚ. ಅದನ್ನೆತ್ತುವ ಹೊತ್ತು ಯಾವುದೆಂಬುದಕ್ಕೆ ಪ್ರಯಾಣಿಕರಲ್ಲಿ ನಡೆಯುವ ವ್ಯಾಜ್ಯಗಳು ಎಲ್ಲರಿಗೂ ತಿಳಿದುವೇ ಆಗಿವೆ.

ವಿನೋದಕ್ಕಾಗಿ ಮನೆಯನ್ನು ಚಕ್ರದ ಮೇಲಿಟ್ಟುಕೊಂಡು ಹೊರಡುವ ಪದ್ಧತಿಯು ಇಂಗ್ಲೆಂಡಿನಲ್ಲಿ 1885ರಲ್ಲಿ ರೂಪುಗೊಂಡಿತೆನ್ನುವರು. ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನು ಬ್ರಿಸ್ಟಲಿನ ಬಂಡಿ ಕಾರ್ಖಾನೆಯಲ್ಲಿ ಹದಿನೆಂಟು ಅಡಿ ಉದ್ದದ, ಕುದುರೆಗಳೆಳೆಯುವ ಗಾಡಿಮನೆಯನ್ನು ಕಟ್ಟಿಸಿ ಅದಕ್ಕೆ ಅಲೆಮಾರಿಯೆಂ­ಬರ್ಥದ ವಾಂಡರರ್ ಎಂಬ ಹೆಸರನ್ನಿಟ್ಟನು. ಮೋಟಾರಿನ ಕಾಲದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯ ಕಾರ್ಖಾನೆಯವರು 1951ರ ಸುಮಾರಿಗೆ ಫೋಕ್ಸ್‌ವ್ಯಾಗನ್ ವ್ಯಾನಿಗಾಗಿ ಹೊರತಂದ ಬಿಡಾರದ ಪೆಟ್ಟಿಗೆಯು ಪ್ರಕೃತ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ವಾರದ ದಿನಗಳಲ್ಲಿ ವ್ಯಾನು ಸರಕು ಹೊರುವುದು. ರಜೆಯ ದಿನ ಪೆಟ್ಟಿಗೆಗಳನ್ನು ಒಳಗಿಟ್ಟರೆ ಅವೇ ಆಸನ, ಅವೇ ಕಪಾಟು, ಅವೇ ಮಂಚ. ರಜೆ ಮುಗಿದರೆ ಪೆಟ್ಟಿಗೆಗಳು ಹೊರಕ್ಕೆ. ಮಡಿಕೆಯ ದೇಶದಲ್ಲಿ ಪಲ್ಲಟವು ತಲೆಯೆತ್ತಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಹೊಲದ ಬಂಡಿಗೆ ಕಮಾನು ಕಟ್ಟಿ ಜಾತ್ರೆಗೆ ಹೋಗಿಬಂದು, ಮರುದಿನ ಕಮಾನು ಬಿಚ್ಚಿ ಗೊಬ್ಬರ ಹೇರುವ ಜಗಳೂರಿನ ರೈತನಿಗೆ ಈ ಯುಕ್ತಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ಕರ್ನಾಟಕದಲ್ಲಿ 2020ರ ಪ್ರವಾಸೋದ್ಯಮ ನೀತಿಯು ಕ್ಯಾರವಾನ್ ಪ್ರವಾಸಕ್ಕೂ ಸ್ಥಾನ ಕೊಟ್ಟಿತು. ವ್ಯಾನುಗಳ ಒಳಗನ್ನು ಮನೆಯಾಗಿ ಮಾರ್ಪಡಿಸುವ ಕೆಲಸವು ಬೆಂಗಳೂರಿನಲ್ಲಿ ನಡೆಯುತ್ತಿದೆ. ಅಂಥ ವ್ಯಾನಿನ ಒಳಗನ್ನು ಗಾಡಿಯ ಒಳಗಿನೊಡನೆ ಹೋಲಿಸಿದರೆ ಬಡಗಿಯು ಎದುರಿಸುವ ತೊಡಕು ಅದೇ ಎಂಬುದು ಕಾಣುವುದು. ಮನುಷ್ಯನು ಮಲಗುವುದಕ್ಕೆ ಆರು ಅಡಿ ಬೇಕು. ವ್ಯಾನಿನ ಅಗಲವು ಸಾಮಾನ್ಯವಾಗಿ ಅಷ್ಟಿಲ್ಲ. ಆದುದರಿಂದ ಉದ್ದಕ್ಕೇ ಮಲಗಬೇಕು. ಉದ್ದಕ್ಕೆ ಮಂಚವಿಟ್ಟರೆ ಹಗಲು ನಡೆಯುವುದಕ್ಕೆ ಎಡೆಯಿಲ್ಲ. ಇದಕ್ಕೆ ಬಹು ಬಳಕೆಯಲ್ಲಿರುವ ಪರಿಹಾರವೇನೆಂದರೆ, ಎದುರುಬದುರಾಗಿ ಎರಡು ಪೆಟ್ಟಿಗೆಯಾಸನಗಳು, ನಡುವೆ ಒಂಟಿಕಾಲಿನ ಮೇಜು. ರಾತ್ರಿ ಮೇಜಿನ ಕಾಲನ್ನು ತೆಗೆದು ಹಲಗೆಯನ್ನು ಆಸನಗಳ ಮಟ್ಟಕ್ಕೆ ಇಳಿಸಿ, ಒರಗುದಿಂಬುಗಳನ್ನು ಅದರ ಮೇಲೆ ಹರಡಿದರೆ ಅಗಲವಾದ ಹಾಸಿಗೆ. ಆಸನದೊಳಗಿನ ಪೆಟ್ಟಿಗೆಯಲ್ಲಿ ನೀರಿನ ತೊಟ್ಟಿ, ಬಟ್ಟೆ, ಪಾತ್ರೆ. ಇಲ್ಲಿ ಕೀಲುಗಳು ಅತ್ಯಲ್ಪ. ಕೆಲಸ ಮಾಡುವುದು ಎಡೆಯ ಪಲ್ಲಟವೇ. ಒರಗುದಿಂಬು ಹಾಸಿಗೆಯಾಗುವುದು ಬುತ್ತಿಯ ಗಂಟು ತಲೆದಿಂಬಾದುದರ ಮುಂದುವರಿಕೆ.

ಇನ್ನೊಂದು ವಿಧಾನವು ಇದಕ್ಕಿಂತ ಚಮತ್ಕಾರವುಳ್ಳದ್ದು. ಮಂಚದ ಪಟ್ಟಿಗಳನ್ನು ಎರಡು ತಂಡ ಮಾಡಿ, ಒಂದು ತಂಡವನ್ನು ಗೋಡೆಯ ಕಡೆಯ ಚೌಕಟ್ಟಿಗೂ ಇನ್ನೊಂದನ್ನು ಹೊರಗಿನ ಚೌಕಟ್ಟಿಗೂ ಬಿಗಿದು, ಬೆರಳುಗಳಂತೆ ಒಂದರ ನಡುವೆ ಒಂದನ್ನು ಸೇರಿಸುವರು. ಹೊರಗಿನದನ್ನು ಎಳೆದರೆ ಆಸನವು ಇಮ್ಮಡಿ ಅಗಲದ ಮಂಚವಾಗುವುದು, ತಳ್ಳಿದರೆ ಮರಳಿ ಆಸನ. ಈ ಹೆಣೆಗೆಯು ವ್ಯಾಸಪೀಠದ ಹೆಣೆಗೆಯ ಸೋದರವೇ. ಅಲ್ಲಿ ಅದು ತಿರುಗುವುದು, ಇಲ್ಲಿ ಜಾರುವುದು, ಅಷ್ಟೇ ವ್ಯತ್ಯಾಸ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದಕ್ಕೆ ಪ್ರಮಾಣವಿಲ್ಲ. ಒಂದೇ ತೊಡಕು ಒಂದೇ ಉತ್ತರವನ್ನು ಎರಡು ಕಡೆ ಹುಟ್ಟಿಸಿತೆನ್ನುವುದೇ ಉಚಿತ. ತೂಕದ ಶಾಸ್ತ್ರವೂ ಹಾಗೆಯೇ. ನೀರಿನ ತೊಟ್ಟಿಯನ್ನೂ ವಿದ್ಯುತ್ಕೋಶಗಳನ್ನೂ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರಗಳು ಹಗುರಾಗಿ ತಿರುವಿನಲ್ಲಿ ಹಿಡಿತ ತಪ್ಪುವುದು; ಅದಕ್ಕಾಗಿ ಭಾರವಾದುದನ್ನು ಕೆಳಗೆ, ಅಚ್ಚುಗಳ ನಡುವೆ ಇಡುವರು. ಮುಂಭಾರ ಹಿಂಭಾರಗಳೆಂಬ ಗಾಡಿಕಾರರ ಮಾತುಗಳು ಇಲ್ಲಿಗೆ ಯಥಾವತ್ತಾಗಿ ಹೊಂದುವುವು.

ಬಡತನದ ಆಕ್ಷೇಪಕ್ಕೆ ಕಂಬಳಿಯ ಗದ್ದುಗೆಯಿಂದ ಕೊಟ್ಟ ಉತ್ತರವು ಅರ್ಧ ಮಾತ್ರವೆಂಬುದನ್ನು ಮರೆಯಬಾರದು. ಕ್ಯಾರವಾನಿನಲ್ಲಿ ಹೋಗುವವನು ಎರಡು ದಿನದ ಮೇಲೆ ಕುರ್ಚಿ ಮಂಚಗಳುಳ್ಳ ಮನೆಗೆ ಮರಳುವನು; ಅವನಿಗೆ ಪಲ್ಲಟವು ವಿನೋದ. ಜಗಳೂರು ಹರಪನಹಳ್ಳಿಗಳ ತಾಂಡಗಳಿಂದ ಸುಗ್ಗಿಯ ಕಾಲದಲ್ಲಿ ಕಬ್ಬು ಕಡಿಯುವುದಕ್ಕೂ ಮಲೆನಾಡಿನ ಕಾಫಿ ತೋಟಗಳ ಕೂಲಿಗೂ ಹೋಗುವ ಕುಟುಂಬಗಳಿಗೆ ಅದು ವಿನೋದವಲ್ಲ. ಹೇರೆತ್ತುಗಳ ವ್ಯಾಪಾರವನ್ನು ರಸ್ತೆಯೂ ರೈಲೂ ನುಂಗಿದ ಮೇಲೆ ಅವರ ಸಂಚಾರವು ಸರಕಿನ ಸಂಚಾರವಾಗಿದ್ದುದು ಕೂಲಿಯ ಸಂಚಾರವಾಯಿತು. ಆದರೂ ಸರಂಜಾಮನ್ನು ಕಟ್ಟುವ ಕ್ರಮವು ಕೈಬಿಟ್ಟಿಲ್ಲ. ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಜೋಳದ ಚೀಲಗಳು ತಳಕ್ಕೆ. ಅವುಗಳ ಮೇಲೆ ಕೌದಿ, ಕೌದಿಯ ಮೇಲೆ ಮಕ್ಕಳು. ಪಾತ್ರೆಗಳ ಮೂಟೆಗೆ ಒರಗಿಕೊಂಡು ಮುದುಕರು. ಎಲ್ಲದರ ಮೇಲೂ ಎಳೆದು ಕಟ್ಟಿದ ಟಾರ್ಪಾಲು. ಗದ್ದೆಯ ಅಂಚನ್ನು ಮುಟ್ಟಿದ ಸಂಜೆ ಆ ಟಾರ್ಪಾಲು ಗುಡಾರದ ಮಾಡಾಗುವುದು, ಜೋಳದ ಚೀಲಗಳು ಗಾಳಿಯ ಕಡೆಯ ಗೋಡೆಯಾಗುವುವು, ಕೌದಿಯು ನೆಲಕ್ಕಿಳಿಯುವುದು. ವಾರವಾರಕ್ಕೂ ಜೋಳವು ಮುಗಿಯುತ್ತ ಬಂದಂತೆ ಗೋಡೆಯು ತಗ್ಗುವುದು. ಆ ಹೊತ್ತಿಗೆ ಕಡಿದ ಕಬ್ಬಿನ ಸೋಗೆಯನ್ನು ತಂದು ಅಲ್ಲಿ ಒಟ್ಟುವರು.